ಕೆಂಪಿಯ ಗೇಟಿನ ಮುಂದೆ ಗಂಡುನಾಯಿಗಳ ಸಭೆ

ಮೂವತ್ತನಾಲ್ಕು ವರ್ಷ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ನನಗೆ ನಾಯಿ ಎಂದರೆ ಸಂಜೆ ಐದರ ಮೇಲಿನ ರೋಗಿ. ಹಗಲೆಲ್ಲ ಹಸು, ಎಮ್ಮೆ, ಕುರಿ. ಬಾಗಿಲು ಹಾಕುವ ಹೊತ್ತಿಗೆ ಯಾರೋ ಒಬ್ಬರು ಸಂಕೋಚದಿಂದ ನಾಯಿಯನ್ನು ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ನಿವೃತ್ತನಾದ ಮೇಲೆ ಲೆಕ್ಕ ತಿರುಗುಮುರುಗಾಗಿದೆ. ಈ ತಿಂಗಳು ಸಂಪಾದಕರು ಕಳಿಸಿದ ಕಟ್ಟಿನಲ್ಲಿ ಹಸುವಿನ ಪತ್ರ ಎರಡು, ನಾಯಿಯವು ಹದಿನಾಲ್ಕು. ಕಾರ್ತಿಕ ಹತ್ತಿರವಾಗುತ್ತಿದೆಯಲ್ಲ! ಅವುಗಳಲ್ಲಿ ನಾಲ್ಕು, ಮೊದಲೇ ಬಂದಿದ್ದ ಒಂದು ಸೇರಿಸಿ ಐದನ್ನು ಆರಿಸಿದ್ದೇನೆ. ಐದರಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಔಷಧದ ಹೆಸರು ಬರುತ್ತದೆ.

ಪ್ರಶ್ನೆ: ಮಾನ್ಯ ಡಾಕ್ಟರೇ, ನಮ್ಮ ಕೆಂಪಿ ಊರುನಾಯಿ, ನಾಲ್ಕು ವರ್ಷ. ಎರಡು ವರ್ಷದ ಹಿಂದೆಯೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ. ಈಗ ಒಂದು ತಿಂಗಳಿನಿಂದ ಬೆಳಗಾಗುವಷ್ಟರಲ್ಲಿ ಗೇಟಿನ ಮುಂದೆ ಆರೇಳು ಗಂಡುನಾಯಿಗಳು ಕೂತಿರುತ್ತವೆ. ಅವಳ ಹಿಂಭಾಗ ಊದಿದೆ, ಮೊಲೆತೊಟ್ಟುಗಳು ದಪ್ಪವಾಗಿವೆ. ಆಪರೇಷನ್ ಕೆಡಿಸಿದ್ದಾರೆ ಎಂದು ನಮ್ಮ ಯಜಮಾನರು ಆ ಡಾಕ್ಟರ ಮೇಲೆ ಜಗಳಕ್ಕೆ ಹೊರಟಿದ್ದಾರೆ. ಮತ್ತೆ ಹೊಟ್ಟೆ ಕೊಯ್ಯಿಸಬೇಕೇ?
(ಹೆಸರು ಬೇಡ, ತೀರ್ಥಹಳ್ಳಿ)

ಉತ್ತರ: ತಂಗಿ, ಯಜಮಾನರನ್ನು ಒಂದೆರಡು ವಾರ ಮನೆಯಲ್ಲೇ ಕೂರಿಸಿ.

ನಿಮ್ಮ ಪತ್ರ ನನ್ನ ಕೈಸೇರಿದ್ದು ಎರಡು ತಿಂಗಳ ಹಿಂದೆ. ಓದಿದೊಡನೆ ನನಗೂ ಮೊದಲು ಹೊಳೆದದ್ದು ನಿಮ್ಮ ಯಜಮಾನರ ಅನುಮಾನವೇ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯದ ಚೂರೊಂದು ಒಳಗೇ ಉಳಿದುಬಿಟ್ಟರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಾಯಿ ಮತ್ತೆ ಬೆದೆಗೆ ಬರುವುದುಂಟು. ಇನ್ನೊಂದು ಸಾಧ್ಯತೆ ಸೋಂಕು. ಮೂತ್ರಕೋಶದಲ್ಲೋ ಯೋನಿಯಲ್ಲೋ ಸೋಂಕಾದರೆ ಹೊರಬರುವ ವಾಸನೆಗೆ ಗಂಡುನಾಯಿಗಳು ಮೋಸಹೋಗುತ್ತವೆ. ಆದರೆ ಸೋಂಕಾದಾಗ ಮೊಲೆತೊಟ್ಟು ದಪ್ಪವಾಗುವುದಿಲ್ಲ. ಅಂಡಾಶಯದ ಚೂರು ಉಳಿದಿದ್ದರೆ ಬೆದೆ ಎರಡು ಮೂರು ವಾರಕ್ಕೆ ಸಾಮಾನ್ಯವಾಗಿ ಇಳಿಯಬೇಕು. ನಿಮ್ಮದು ತಿಂಗಳಾದರೂ ಇಳಿದಿಲ್ಲ. ಅದಕ್ಕೇ ಪೋಸ್ಟ್ ಕಾರ್ಡಿನಲ್ಲಿ ಮೂರು ಪ್ರಶ್ನೆ ಬರೆದು ಕಳಿಸಿದ್ದೆ: ಕೆಂಪಿ ಎಲ್ಲಿ ಮಲಗುತ್ತಾಳೆ? ಯಾರ ಕೈಕಾಲು ನೆಕ್ಕುತ್ತಾಳೆ? ಮನೆಯಲ್ಲಿ ಯಾರಾದರೂ ಮುಲಾಮು ಹಚ್ಚಿಕೊಳ್ಳುತ್ತಾರೆಯೇ?

ನಿಮ್ಮ ಒಪ್ಪಿಗೆಯಿಂದ ಆ ಮರುಪತ್ರದ ನಾಲ್ಕು ಸಾಲು ಇಲ್ಲಿ ಹಾಕುತ್ತಿದ್ದೇನೆ: “ನನಗೆ ಮುಟ್ಟು ನಿಂತ ಮೇಲೆ ರಾತ್ರಿ ಮೈಯೆಲ್ಲ ಬೆಂಕಿಯಾಗಿ ಬೆವರು ಹರಿಯುತ್ತಿತ್ತು. ಡಾಕ್ಟರಮ್ಮ ಕೊಟ್ಟ ಜೆಲ್ಲನ್ನು ಎರಡು ತಿಂಗಳಿನಿಂದ ತೋಳಿಗೆ ಹಚ್ಚಿಕೊಳ್ಳುತ್ತಿದ್ದೇನೆ. ಅದು ಹಚ್ಚಿಕೊಂಡು ಧಾರಾವಾಹಿ ನೋಡಲು ಕೂರುತ್ತೇನೆ. ಕೆಂಪಿ ತೊಡೆಯ ಮೇಲೆ ತಲೆಯಿಟ್ಟು ತೋಳು ನೆಕ್ಕುತ್ತಾ ಅಲ್ಲೇ ನಿದ್ದೆಹೋಗುತ್ತಾಳೆ. ಇದಕ್ಕೂ ಅದಕ್ಕೂ ಏನು ಸಂಬಂಧ?”

ಸಂಬಂಧ ಇದೆ. ಆ ಜೆಲ್ಲಿನಲ್ಲಿರುವುದು ಈಸ್ಟ್ರಡಯೋಲ್, ಅಂದರೆ ಈಸ್ಟ್ರೋಜನ್ ಬಳಗದ ಹಾರ್ಮೋನು. ನಿಮ್ಮ ಅಂಡಾಶಯ ತಯಾರಿಸುತ್ತಿದ್ದುದೂ ಅದನ್ನೇ, ಆಪರೇಷನ್ನಿಗೆ ಮೊದಲು ಕೆಂಪಿಯ ಅಂಡಾಶಯ ತಯಾರಿಸುತ್ತಿದ್ದುದೂ ಅದನ್ನೇ. ಚರ್ಮದ ಮೂಲಕ ರಕ್ತಕ್ಕೆ ಸೇರಲೆಂದೇ ಮಾಡಿದ ಔಷಧ ಅದು. ನಿಮ್ಮ ತೋಳಿನಿಂದ ಅವಳ ನಾಲಗೆಗೆ ಹೋಗುವುದು ಎಷ್ಟರ ಮಾತು? ಐವತ್ತೈದು ಅರವತ್ತು ಕಿಲೋ ತೂಗುವ ಹೆಂಗಸಿಗೆ ಲೆಕ್ಕಹಾಕಿ ಕೊಟ್ಟ ಔಷಧದಲ್ಲಿ ಒಂದಷ್ಟು ಪಾಲು ಹದಿನೈದು ಕಿಲೋದ ನಾಯಿಯ ಹೊಟ್ಟೆಗೆ ದಿನವೂ ಬೀಳುತ್ತಿದೆ. ಹಿಂದೆ ಮನೆಯ ಒಲೆ ಆರಿದ್ದರೆ ಪಕ್ಕದ ಮನೆಯಿಂದ ಕೆಂಡ ತಂದು ಹೊತ್ತಿಸುತ್ತಿದ್ದರು. ಕೆಂಪಿಯ ಒಲೆಯನ್ನು ಆ ಡಾಕ್ಟರು ಸರಿಯಾಗಿಯೇ ಆರಿಸಿದ್ದಾರೆ. ಕೆಂಡ ನಿಮ್ಮ ತೋಳಿನಿಂದ ಹೋಗಿದೆ.

ಇದು ನನ್ನ ಊಹೆಯ ಕಥೆಯಲ್ಲ. ತೋಳಿಗೆ ಸಿಂಪಡಿಸಿಕೊಳ್ಳುವ ಈಸ್ಟ್ರೋಜನ್ ಔಷಧವೊಂದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಔಷಧ ಹಚ್ಚಿಕೊಂಡವರ ಮೈ ತಾಗಿ ಸಣ್ಣ ಮಕ್ಕಳ ಎದೆ ಬೆಳೆದ, ಸಾಕುಪ್ರಾಣಿಗಳ ಮೊಲೆತೊಟ್ಟು ಮತ್ತು ಹಿಂಭಾಗ ಊದಿದ ದೂರುಗಳು ಬಂದಿದ್ದವು. ಗಂಡುನಾಯಿ ನೆಕ್ಕಿದರೆ ಅದಕ್ಕೂ ಮೊಲೆ ಬರುತ್ತದೆ, ಪಕ್ಕೆಗಳ ಕೂದಲು ಉದುರುತ್ತದೆ.

ಸರಿ, ಗರ್ಭಕೋಶವೂ ಇಲ್ಲದ ನಾಯಿಗೆ ಗಂಡುಗಳು ಯಾಕೆ ಮುಗಿಬೀಳಬೇಕು? ಗಂಡುನಾಯಿ ಗರ್ಭಕೋಶ ಇದೆಯೇ ಎಂದು ವಿಚಾರಿಸುವುದಿಲ್ಲ. ಈಸ್ಟ್ರೋಜನ್ ಏರಿದಾಗ ಹೆಣ್ಣಿನ ಮೂತ್ರ ಮತ್ತು ಯೋನಿಸ್ರಾವದ ವಾಸನೆ ಬದಲಾಗುತ್ತದೆ. ಅವಳು ಮೂಲೆಮೂಲೆಗೆ ಹೋಗಿ ಸ್ವಲ್ಪಸ್ವಲ್ಪವೇ ಉಚ್ಚೆ ಹೊಯ್ದು ಬರುತ್ತಾಳೆ. ಗಂಡುನಾಯಿ ಅದನ್ನು ಮೂಸುವುದಷ್ಟೇ ಅಲ್ಲ, ನೆಕ್ಕುತ್ತದೆ. ನೆಕ್ಕಿ, ಚಳಿ ಹಿಡಿದವರಂತೆ ಹಲ್ಲು ಕಟಕಟ ಕಡಿಯುತ್ತದೆ, ತುಟಿಯಂಚಿನಲ್ಲಿ ನೊರೆ ಬರುತ್ತದೆ. ಹುಚ್ಚು ಹಿಡಿದಿದೆ ಎಂದು ಹೆದರಿ ಅಂಥ ನಾಯಿಯನ್ನು ನನ್ನ ಬಳಿಗೆ ಎಳೆದು ತಂದವರಿದ್ದಾರೆ. ಮೇಲ್ದವಡೆಯ ಮುಂಭಾಗದ ಹಲ್ಲುಗಳ ಹಿಂದೆಯೇ ಎರಡು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ವಾಸನೆಯ ಕಣಗಳು ಮೂಗಿನ ತಳದಲ್ಲಿರುವ ಬೇರೆಯೇ ಒಂದು ಅಂಗಕ್ಕೆ ಸೇರುತ್ತವೆ. ಅದನ್ನು ವಿವರಿಸಿದ ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ ಅವರ ಹೆಸರಿನಿಂದ ಜೇಕಬ್ಸನ್ ಅಂಗ ಎನ್ನುತ್ತಾರೆ. ನಾಯಿಗೆ ಅದು ಎರಡನೆಯ ಮೂಗು. ನಿಮ್ಮ ಗೇಟಿನ ಕಂಬದ ಮೇಲೆ ಕೆಂಪಿ ಬರೆದಿಟ್ಟದ್ದನ್ನು ಆ ಏಳೂ ಜನ ಸರಿಯಾಗಿಯೇ ಓದಿಕೊಂಡಿದ್ದಾರೆ. ಬರೆಸಿದ್ದು ಜೆಲ್ಲು ಎಂದು ಅವರಿಗೆ ಗೊತ್ತಾಗುವ ಬಗೆಯಿಲ್ಲ.

ಮಾಡಬೇಕಾದದ್ದು, ನಿಮಗೆ ಆಗಲೇ ತಿಳಿಸಿದ್ದೇ, ಉಳಿದವರಿಗಾಗಿ ಇಲ್ಲಿ ಮತ್ತೊಮ್ಮೆ. ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ನಿಮ್ಮ ಡಾಕ್ಟರಮ್ಮನಿಗೆ ವಿಷಯ ಹೇಳಿ. ಮಾತ್ರೆಗೋ ಬೇರೆ ರೂಪಕ್ಕೋ ಬದಲಿಸಲು ಆಗುತ್ತದೆಯೇ ಎಂದು ಅವರು ನೋಡುತ್ತಾರೆ. ಅಲ್ಲಿಯವರೆಗೆ ಜೆಲ್ ಹಚ್ಚಿದ ಜಾಗ ಪೂರ್ತಿ ಒಣಗಿದ ಮೇಲೆ ಉದ್ದತೋಳಿನ ರವಿಕೆ ಹಾಕಿ, ಕೈ ಸೋಪಿನಲ್ಲಿ ತೊಳೆದುಕೊಳ್ಳಿ, ಕೆಂಪಿಯನ್ನು ತೊಡೆಯಿಂದ ಇಳಿಸಿ. ಅವಳ ಹಾಸಿಗೆ ಬಟ್ಟೆಯನ್ನೂ ಒಗೆಯಿರಿ. ಅವಳಿಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಲೇಬೇಕು. ಈಸ್ಟ್ರೋಜನ್ ಹೆಚ್ಚಾದರೆ ನಾಯಿಯ ಎಲುಬಿನ ಮಜ್ಜೆ ಸೊರಗಿ ರಕ್ತಕಣಗಳ ತಯಾರಿಯೇ ಕುಸಿಯುತ್ತದೆ. ಊತಕ್ಕಿಂತ ನನಗೆ ಅದರದ್ದೇ ಭಯ.

ಯೋನಿಯ ಸ್ವಾಬ್ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈಸ್ಟ್ರೋಜನ್ ಇದೆ ಎಂದು ತಿಳಿಯುತ್ತದೆ, ಆದರೆ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಎಚ್ಚರಿಕೆಯಿಂದ ನಡೆದುಕೊಂಡ ಮೇಲೂ ಊತ ಇಳಿಯದಿದ್ದರೆ ಆಂಟಿ ಮುಲ್ಲೇರಿಯನ್ ಹಾರ್ಮೋನಿನ ಪರೀಕ್ಷೆ ಮಾಡಿಸಿ. ಅಂಡಾಶಯದ ಚೂರು ಉಳಿದಿದ್ದರೆ ಅದು ಅಲ್ಲಿ ಸಿಕ್ಕಿಬೀಳುತ್ತದೆ. ಹೊಟ್ಟೆ ಕೊಯ್ಯುವ ಮಾತು ಅದಾದ ಮೇಲೆ.

ಈ ಅಂಕಣ ಅಚ್ಚಿಗೆ ಹೋಗುವ ಮೊದಲು ಫೋನ್ ಮಾಡಿದ್ದೆ. ಡಾಕ್ಟರಮ್ಮ ಮಾತ್ರೆಗೆ ಬದಲಿಸಿದ್ದಾರೆ, ಐದನೆಯ ವಾರ ನಡೆಯುತ್ತಿದೆ, ಊತ ಮುಕ್ಕಾಲು ಇಳಿದಿದೆ, ಗೇಟಿನ ಮುಂದೆ ಈಗ ಒಂದೇ ನಾಯಿ ಎಂದರು. ಅದು ಪಕ್ಕದ ಮನೆಯದಂತೆ, ಮೊದಲಿನಿಂದಲೂ ಅಲ್ಲೇ ಮಲಗುವುದಂತೆ.

ಪ್ರಶ್ನೆ: ನಮ್ಮ ಮುಧೋಳ ಗಂಡು ಬಾದಶಹನಿಗೆ ಮೂರು ವರ್ಷ. ಮೈತುರಿಕೆಗೆ ಎರಡೂವರೆ ತಿಂಗಳಿನಿಂದ ಪ್ರೆಡ್ನಿಸೋಲೋನ್ ಗುಳಿಗೆ ನಡೆದಿದೆ. ನಡುವೆ ಭೇದಿಯಾಗಿ ಮೆಟ್ರೋನಿಡಾಜೋಲ್ ಕೊಟ್ಟಿದ್ದೆವು. ಹೋದ ವಾರ ಹೆಣ್ಣು ತರಿಸಿದರೆ ಒಂದು ಸಲ ಮೂಸಿ, ಹೊರಳಿ ಮಲಗಿಬಿಟ್ಟ. ಊರವರೆಲ್ಲ ನಗುತ್ತಿದ್ದಾರೆ. ಕಸುವಿಗೆ ಯಾವ ಇಂಜೆಕ್ಷನ್ ಕೊಡಿಸಲಿ?
(ಒಬ್ಬ ರೈತರು, ಜಮಖಂಡಿ ತಾಲ್ಲೂಕು)

ಉತ್ತರ: ಯಜಮಾನರೇ, ಮೊದಲು ದಿನ ಲೆಕ್ಕಹಾಕಿ. ನನ್ನ ಬಳಿಗೆ ಬರುವ ಇಂಥ ದೂರುಗಳಲ್ಲಿ ಹೆಚ್ಚಿನವು ಗಂಡಿನ ತಪ್ಪಲ್ಲ, ಪಂಚಾಂಗದ ತಪ್ಪು. ಹೆಣ್ಣುನಾಯಿಗೆ ರಕ್ತ ಕಾಣಿಸಿಕೊಂಡ ಮೇಲೆ ಸುಮಾರು ಒಂಬತ್ತು ದಿನ ಅವಳು ಗಂಡನ್ನು ಕರೆಯುತ್ತಾಳೆ, ಆದರೆ ಹತ್ತಿರ ಬಿಡುವುದಿಲ್ಲ. ಮುಂದಿನ ಒಂಬತ್ತು ದಿನ ಬಾಲ ಒಂದು ಪಕ್ಕಕ್ಕೆ ಸರಿಸಿ ನಿಲ್ಲುತ್ತಾಳೆ. ಈ ಒಂಬತ್ತು ಎಂಬುದೂ ಸರಾಸರಿಯಷ್ಟೇ. ಕೆಲವು ನಾಯಿಗಳಲ್ಲಿ ಮೂರೇ ದಿನ, ಕೆಲವುಗಳಲ್ಲಿ ಎರಡು ವಾರ ದಾಟುತ್ತದೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದರೆ ಸರಿಯಾದ ದಿನ ಗೊತ್ತಾಗುತ್ತದೆ. ಅನುಭವಸ್ಥ ಗಂಡು ದಿನ ಬಂದಿಲ್ಲ ಎಂದು ಮೂಗಿನಲ್ಲೇ ತಿಳಿದು ಮಲಗಿಬಿಡುವುದುಂಟು.

ದಿನ ಸರಿಯಿತ್ತು ಎಂದಾದರೆ ಗುಳಿಗೆಯ ಕಡೆ ನೋಡೋಣ. ಪ್ರೆಡ್ನಿಸೋಲೋನ್ ಒಂದು ಸ್ಟೀರಾಯ್ಡ್. ಅದು ಎರಡು ಕಡೆಯಿಂದ ಕೆಲಸ ಕೆಡಿಸಬಲ್ಲದು. ಸ್ಟೀರಾಯ್ಡ್ ದೀರ್ಘಕಾಲ ಕೊಟ್ಟಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಮೆತ್ತಗಾಗುತ್ತದೆ. ವೃಷಣಕ್ಕೆ ಹೋಗಬೇಕಾದ ಹುಕುಂ ಹೋಗುವುದಿಲ್ಲ, ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಇನ್ನೊಂದು ಕಡೆ ಮೂಗು. ಸ್ಟೀರಾಯ್ಡ್ ಕೊಟ್ಟ ನಾಯಿಗಳ ವಾಸನೆಯ ಶಕ್ತಿ ಮಂದವಾಗುತ್ತದೆ ಎಂದು 1992ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡಿದೆ. ನಿಮ್ಮ ಎರಡನೆಯ ಗುಳಿಗೆಯೂ ಸಾಧುವಲ್ಲ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು ಸ್ಫೋಟಕ ಪತ್ತೆಮಾಡುವ ನಾಯಿಗಳಿಗೆ ಮೆಟ್ರೋನಿಡಾಜೋಲ್ ಕೊಟ್ಟು ನೋಡಿದರು. ಅರ್ಧದಷ್ಟು ನಾಯಿಗಳ ಪತ್ತೆಯ ಚುರುಕು ತಗ್ಗಿತು. ಔಷಧ ನಿಲ್ಲಿಸಿದ ಮೇಲೆ ಮರಳಿತು. ಅವೇ ನಾಯಿಗಳಿಗೆ ಡಾಕ್ಸಿಸೈಕ್ಲಿನ್ ಕೊಟ್ಟಾಗ ಏನೂ ಆಗಲಿಲ್ಲ. ಅದು ಪ್ರಕಟವಾದದ್ದು 2016ರಲ್ಲಿ. ನಾವು ಹಳ್ಳಿಯಲ್ಲಿ ಭೇದಿ ಎಂದರೆ ಸಾಕು, ಕಣ್ಣುಮುಚ್ಚಿ ಆ ಗುಳಿಗೆ ಬರೆದವರು. ನಾಯಿಯ ಮೂಗಿಗೆ ಏನಾದೀತು ಎಂದು ನಾನೂ ಒಂದು ದಿನ ಯೋಚಿಸಿದ್ದಿಲ್ಲ.

ಕಸುವಿನ ಇಂಜೆಕ್ಷನ್ ಖಂಡಿತ ಬೇಡ. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಉಮೇದು ಬಂದೀತು, ವೀರ್ಯಾಣು ಕಡಿಮೆಯಾಗುತ್ತದೆ. ಪ್ರೆಡ್ನಿಸೋಲೋನನ್ನು ಫಕ್ಕನೆ ನಿಲ್ಲಿಸುವುದೂ ಅಪಾಯ. ನಿಮ್ಮ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಹೊಸ ವೀರ್ಯಾಣು ತಯಾರಾಗಿ ಬರಲು ಸುಮಾರು ಎರಡು ತಿಂಗಳು ಬೇಕು. ಅಷ್ಟರವರೆಗೆ ಬಾದಶಹ ಮಲಗಿರಲಿ, ನಗುವವರು ನಗಲಿ.

ಇನ್ನೊಂದು ಮಾತು, ನಿಮಗೆ ರುಚಿಸಲಿಕ್ಕಿಲ್ಲ. ಆ ತುರಿಕೆ ಉಣ್ಣೆಹುಳದಿಂದಲೋ ಕಜ್ಜಿಯಿಂದಲೋ ಆಗಿದ್ದರೆ ಸರಿ. ಪ್ರತಿವರ್ಷ ಬರುವ ಅಲರ್ಜಿಯಾಗಿದ್ದರೆ ಅದು ಮರಿಗಳಿಗೂ ಇಳಿಯುವಂಥದ್ದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ನಿಮ್ಮದು. ಜೀವಮಾನವಿಡೀ ಗುಳಿಗೆ ನುಂಗುವ ಮರಿಗಳನ್ನು ಆ ತಳಿಗೆ ಸೇರಿಸಬೇಡಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಹೆಣ್ಣು ತರಿಸುವ ಮೊದಲು ಬಾದಶಹನನ್ನು ಅಲ್ಲಿ ಒಮ್ಮೆ ತೋರಿಸಿ, ಕೂಡುವಾಗ ಹರಡಿ ಗರ್ಭ ಕೆಡಿಸುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆಯನ್ನೂ ಕೇಳಿ.

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ವಿದ್ಯಾರ್ಥಿ. ಮೀಥೈಲ್ ಪ್ಯಾರಾಬೆನ್ ಇರುವ ಕ್ರೀಮು ಹಚ್ಚಿದರೆ ಗಂಡುನಾಯಿಗಳು ಬೆದೆಯ ಹೆಣ್ಣೆಂದು ತಿಳಿದು ಹತ್ತಿರ ಬರುತ್ತವೆಂದು ಓದಿದೆ. ನಿಜವೇ?
(ಧಾರವಾಡ)

ಉತ್ತರ: ತಮ್ಮಾ, ನೀನು ಓದಿದ್ದಕ್ಕೆ ಮೂಲ ಇದೆ. 1979ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಮೂವರು ಒಂದು ಲೇಖನ ಬರೆದರು. ಬೆದೆಗೆ ಬಂದ ಹೆಣ್ಣಿನ ಸ್ರಾವದಲ್ಲಿ ಈ ರಾಸಾಯನಿಕ ಸಿಕ್ಕಿತು, ಬೆದೆಯಿಲ್ಲದ ಹೆಣ್ಣಿಗೆ ಅದನ್ನು ಸವರಿದರೆ ಗಂಡುಗಳು ಏರಲು ಹೋದವು ಎಂದು. ಅದೇ ವಸ್ತುವನ್ನು ಕೆಡದಂತೆ ಇಡಲು ಕೆಮ್ಮಿನ ಸಿರಪ್ಪಿಗೂ ಮುಖದ ಕ್ರೀಮಿಗೂ ಹಾಕುತ್ತಾರೆ. ಆದರೆ ಕೆಲವೇ ವರ್ಷಗಳಲ್ಲಿ ಬೇರೆಯವರು ಹುಡುಕಿದಾಗ ಬೆದೆಯ ನಾಯಿಗಳಲ್ಲಿ ಆ ವಸ್ತು ಸಿಗಲಿಲ್ಲ, ಸವರಿದರೂ ಗಂಡುಗಳು ಮರುಳಾಗಲಿಲ್ಲ. ಒಂದೇ ಒಂದು ರಾಸಾಯನಿಕದಿಂದ ಆಗುವ ಕೆಲಸ ಇದಲ್ಲ ಎಂಬ ಕಡೆಗೇ ಈಗ ಒಲವು.

ಆ ಲೇಖನ ನನಗೆ ಓದಲು ಸಿಕ್ಕಿದ್ದು ಎಂಟು ವರ್ಷ ತಡವಾಗಿ. ನಾನೂ ನಮ್ಮ ಆಸ್ಪತ್ರೆಯ ಜವಾನರೂ ಸೇರಿ ಪ್ಯಾರಾಬೆನ್ ಇದ್ದ ಲೋಷನ್ನನ್ನು ಒಂದು ಮುದಿ ಹೆಣ್ಣುನಾಯಿಗೆ ಹಚ್ಚಿ ಅಂಗಳದಲ್ಲಿ ಕಾದು ಕೂತೆವು. ಬಂದದ್ದು ಒಂದೇ ಗಂಡು. ಅದು ಹೆಣ್ಣನ್ನು ಬಿಟ್ಟು ಲೋಷನ್ ಡಬ್ಬಿಯ ಮೇಲೆ ಕಾಲೆತ್ತಿ ಹೋಯಿತು. ಈ ಮಾತು ಪೂರ್ತಿ ನಿಜವಾಗಿದ್ದರೆ ಔಷಧದ ಅಂಗಡಿಗಳವರಿಗೆ ಷಟರ್ ಎಳೆಯಲು ಆಗುತ್ತಿರಲಿಲ್ಲ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗ ತನ್ನ ಗಂಡುನಾಯಿಗೆ ಶಸ್ತ್ರಚಿಕಿತ್ಸೆಯ ಬದಲು ಚರ್ಮದಡಿ ಡೆಸ್ಲೊರೆಲಿನ್ ಇಂಪ್ಲಾಂಟ್ ಹಾಕಿಸಿದ್ದಾನೆ. ಎರಡು ವಾರವಾಯಿತು, ತಣ್ಣಗಾಗುವ ಬದಲು ಮೊದಲಿಗಿಂತ ಹೆಚ್ಚು ಹಾರಾಡುತ್ತಿದೆಯಂತೆ. ಮೋಸಹೋದನೇ?
(ಮೈಸೂರು)

ಉತ್ತರ: ಇಲ್ಲ ಸ್ವಾಮಿ, ಅದರ ಕ್ರಮವೇ ಹಾಗೆ. ಆ ಔಷಧ ಮೊದಲು ಪಿಟ್ಯುಟರಿಯನ್ನು ಬಡಿದೆಬ್ಬಿಸುತ್ತದೆ, ಆಮೇಲೆ ದಣಿಸಿ ಮಲಗಿಸುತ್ತದೆ. ಮೊದಲ ವಾರಗಳಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ. ಆರು ವಾರದ ಹೊತ್ತಿಗೆ ಇಳಿಯುತ್ತದೆ, ವೃಷಣ ಸಣ್ಣದಾಗುತ್ತದೆ. ಅಲ್ಲಿಯವರೆಗೆ ಹೆಣ್ಣುನಾಯಿಗಳಿಂದ ದೂರ ಇಡಲು ಹೇಳಿ. ಹೆಣ್ಣುನಾಯಿಗೆ ಅದೇ ಇಂಪ್ಲಾಂಟ್ ಹಾಕಿದರೆ ಮೊದಲು ಬೆದೆಯೇ ಬಂದುಬಿಡುವುದುಂಟು. ಮುಂದೆ ಆ ನಾಯಿಯನ್ನು ಬೇರೆ ಗಂಡುಗಳು ವಿಚಿತ್ರವಾಗಿ ಮೂಸಿದರೆ ಗಾಬರಿ ಬೇಡ. ಟೆಸ್ಟೋಸ್ಟೆರಾನ್ ಇಳಿದಾಗ ಮೈವಾಸನೆಯೂ ಬದಲಾಗುತ್ತದೆ. ಆದರೆ ಯಾವ ಔಷಧವನ್ನೂ ಕೊಡದ ಗಂಡುನಾಯಿಗೆ ಮೊಲೆ ಬಂದು, ಬೇರೆ ಗಂಡುಗಳು ಬೆನ್ನುಹತ್ತಿದರೆ ವೃಷಣದಲ್ಲಿ ಗಡ್ಡೆ ಇದೆಯೇ ಎಂದು ನೋಡಿಸಬೇಕು. ಹೊಟ್ಟೆಯೊಳಗೇ ಉಳಿದ ವೃಷಣವಾದರೆ ಇನ್ನೂ ಬೇಗ.

ಪ್ರಶ್ನೆ: ದೀಪಾವಳಿಗೆ ಹಾಸನದ ಹತ್ತಿರ ಊರಿಗೆ ಹೋಗಬೇಕು. ನಮ್ಮ ಲ್ಯಾಬ್ರಡಾರ್ ಅದೇ ವಾರ ಬೆದೆಗೆ ಬರುತ್ತಾಳೆ. ಬೆದೆ ತಡೆಯುವ ಇಂಜೆಕ್ಷನ್ ಹಾಕಿಸಲೇ, ವಾಸನೆ ಅಡಗಿಸುವ ಕ್ಲೋರೋಫಿಲ್ ಮಾತ್ರೆ ಸಾಕೇ? ಬಾಲದ ಬುಡಕ್ಕೆ ಕರ್ಪೂರದ ಮುಲಾಮು ಹಚ್ಚಿ ಎಂದೂ ಒಬ್ಬರು ಹೇಳಿದರು.
(ಬೆಂಗಳೂರು)

ಉತ್ತರ: ಮುಲಾಮು ಬೇಡವೇ ಬೇಡ. ಅವಳು ನೆಕ್ಕಿಕೊಳ್ಳುತ್ತಾಳೆ, ಕರ್ಪೂರ ನಾಯಿಗೆ ವಿಷ. ಕ್ಲೋರೋಫಿಲ್ ಮಾತ್ರೆಯಿಂದ ನಿಮ್ಮ ಮೂಗಿಗೆ ಸಮಾಧಾನವಾದೀತು, ಊರ ಗಂಡುನಾಯಿಗಳ ಮೂಗಿಗಲ್ಲ.

ಇಂಜೆಕ್ಷನ್ನಿನ ಬಗ್ಗೆ ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಶಾಲಾ ಮೇಷ್ಟರೊಬ್ಬರ ಪಾಮರೇನಿಯನ್ ಬೀದಿಯ ಗಂಡಿನ ಜೊತೆ ಸಿಕ್ಕಿಕೊಂಡಿತ್ತು. ಅರ್ಧ ಗಂಟೆ ಹಾಗೇ ನಿಂತಿದ್ದವು. ಹುಡುಗರು ನೀರು ಎರಚಿದ್ದರು. (ಎರಚಬಾರದು, ತಾವಾಗಿ ಬಿಡಿಸಿಕೊಳ್ಳುತ್ತವೆ.) ಬಸಿರಾಗದಂತೆ ಮಾಡಿ ಎಂದು ಮೇಷ್ಟರು ಕೈಮುಗಿದರು. ಆಗಿನ ರೂಢಿಯಂತೆ ನಾನು ಈಸ್ಟ್ರೋಜನ್ ಇಂಜೆಕ್ಷನ್ ಕೊಟ್ಟೆ. ಆದದ್ದೇನು? ಮುಗಿಯಬೇಕಿದ್ದ ಬೆದೆ ಮುಗಿಯಲಿಲ್ಲ. ಇನ್ನೂ ಎರಡು ವಾರ ಊರಿನ ಗಂಡುನಾಯಿಗಳೆಲ್ಲ ಮೇಷ್ಟರ ಹಿತ್ತಿಲಲ್ಲೇ ಠಿಕಾಣಿ ಹೂಡಿದವು. ತಿಂಗಳೊಪ್ಪತ್ತಿನಲ್ಲಿ ಅದರ ಗರ್ಭಕೋಶದಲ್ಲಿ ಕೀವು ತುಂಬಿತು. ಜಿಲ್ಲಾ ಕೇಂದ್ರಕ್ಕೆ ಒಯ್ದು ಗರ್ಭಕೋಶ ತೆಗೆಸಬೇಕಾಯಿತು. ನಾಯಿ ಬದುಕಿತು, ಮೇಷ್ಟರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೀವು ಕೇಳುತ್ತಿರುವುದು ಬೇರೆ ಜಾತಿಯ ಇಂಜೆಕ್ಷನ್, ಪ್ರೊಜೆಸ್ಟರಾನ್ ಬಳಗದ್ದು. ಅದರಿಂದಲೂ ಗರ್ಭಕೋಶದ ಕೀವು, ಮೊಲೆಯ ಗಡ್ಡೆ, ಸಕ್ಕರೆ ಕಾಯಿಲೆ ಬರುವುದುಂಟು. ಒಂದು ಹಬ್ಬಕ್ಕಾಗಿ ನಾನಂತೂ ಹಾಕುವುದಿಲ್ಲ. ಮರಿ ಬೇಡವಾಗಿದ್ದರೆ ಈ ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿ.

ಹಬ್ಬಕ್ಕೆ ಅವಳನ್ನು ಕರೆದುಕೊಂಡೇ ಹೋಗುವುದಾದರೆ ಊರಿನ ಮನೆಯ ಬಾಗಿಲಲ್ಲಿ ಉಚ್ಚೆ ಹೊಯ್ಯಲು ಬಿಡಬೇಡಿ. ಕಾರಿನಲ್ಲಿ ಕೂರಿಸಿಕೊಂಡು ಒಂದು ಕಿಲೋಮೀಟರ್ ಆಚೆ ಇಳಿಸಿ, ಹಗ್ಗ ಬಿಡದೆ ಮುಗಿಸಿಕೊಂಡು, ಮತ್ತೆ ಕಾರಿನಲ್ಲೇ ತನ್ನಿ. ಅಂಗಳದಲ್ಲಿ ಹೊಯ್ದದ್ದಕ್ಕೆ ಒಡನೆ ನೀರು ಸುರಿಯಿರಿ. ರಾತ್ರಿ ಒಳಗೆ ಮಲಗಿಸಿ, ಬಚ್ಚಲ ಬಾಗಿಲಿಗೂ ಅಗುಳಿ ಹಾಕಿ. ಗಂಡುನಾಯಿಗಳು ಬಚ್ಚಲಿನ ಕಡೆಯಿಂದ ನುಗ್ಗಿದ್ದನ್ನು ನಾನು ಎರಡು ಸಲ ನೋಡಿದ್ದೇನೆ.